ಡ್ರಮ್ಮಿನಲ್ಲೇ ನಿಂತ ನೀರು

ಪ್ರಶ್ನೆ: ಫ್ರಂಟ್ ಲೋಡ್ ವಾಷಿಂಗ್ ಮಿಷನ್. ಒಗೆದಾದ ಮೇಲೆ ನೀರು ಹೊರಗೆ ಹೋಗದೆ ಗುಂಯ್ ಅಂತ ಸದ್ದು ಮಾಡಿ ನಿಲ್ಲುತ್ತೆ. ಮೋಟಾರು ಸುಟ್ಟಿದೆಯಾ?
— ಓದುಗರು, ಗುತ್ತಲು ರಸ್ತೆ, ಮಂಡ್ಯ

ಉತ್ತರ: ಸದ್ದು ಬರ್ತಿದೆ ಅಂದರೆ ನೀರು ಹೊರಹಾಕುವ ಪಂಪಿಗೆ ಕರೆಂಟು ತಲುಪುತ್ತಿದೆ. ಹೆಚ್ಚಾಗಿ ಏನೋ ಸಿಕ್ಕಿಕೊಂಡಿರುತ್ತೆ. ಪ್ಲಗ್ ಕಿತ್ತು ನಲ್ಲಿ ಮುಚ್ಚಿ. ಬಿಸಿನೀರಿದ್ದರೆ ಆರಲು ಬಿಡಿ. ಕೆಳಗಿನ ಪುಟ್ಟ ಬಾಗಿಲು ತೆಗೆದರೆ ಫಿಲ್ಟರ್ ಕಾಣುತ್ತೆ. ಅದನ್ನು ಒಮ್ಮೆಲೇ ಬಿಚ್ಚಬೇಡಿ, ಹತ್ತು ಲೀಟರ್ ನೀರು ಮನೆಯೆಲ್ಲ ಹರಿದೀತು! ಪಕ್ಕದಲ್ಲಿ ಸಣ್ಣ ಪೈಪಿದ್ದರೆ ಅದರಿಂದ ತಟ್ಟೆಗೆ ಬಸಿದುಕೊಳ್ಳಿ. ಆಮೇಲೆ ಫಿಲ್ಟರನ್ನು ಎಡಕ್ಕೆ ತಿರುಗಿಸಿ. ನಾಣ್ಯ, ಹೇರ್‌ಪಿನ್, ಮಗುವಿನ ಕಾಲುಚೀಲ ಸಿಕ್ಕರೆ ಆಶ್ಚರ್ಯವಿಲ್ಲ.

ಟಾರ್ಚ್ ಹಾಕಿ ಒಳಗಿನ ಪಂಪಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ತಡೆತಡೆದು ತಿರುಗಿದರೆ ಹೆದರಬೇಡಿ, ಒಳಗೆ ಅಯಸ್ಕಾಂತ ಇರೋದರಿಂದ ಹಾಗೆ. ಅಡ್ಡಾದಿಡ್ಡಿ ಅಲುಗಾಡಿದರೆ ಅಥವಾ ರೆಕ್ಕೆ ಮುರಿದಿದ್ದರೆ ಪಂಪ್ ಬದಲಿಸಲೇಬೇಕು. ಫಿಲ್ಟರ್ ಬಿಗಿ ಮಾಡಿ, ಡ್ರಮ್ಮಿಗೆ ಒಂದೆರಡು ಲೀಟರ್ ನೀರು ಸುರಿದು ಸೋರುತ್ತಾ ನೋಡಿ, ಆಮೇಲೆ ಡ್ರೈನ್ ಒತ್ತಿ. ಇಷ್ಟಾದರೂ ಹೋಗದಿದ್ದರೆ ಹೊರಪೈಪು ಗೋಡೆಗೆ ಒತ್ತಿ ಮಡಚಿಕೊಂಡಿದೆಯಾ ಪರೀಕ್ಷಿಸಿ.

ಪ್ರಶ್ನೆ: ನೀರು ತುಂಬೋಕೇ ಅರ್ಧ ಗಂಟೆ!
— ಕುವೆಂಪುನಗರ, ಮೈಸೂರು

ಉತ್ತರ: ನೀರಿನ ಪೈಪು ಮಿಷನ್ನಿಗೆ ಸೇರುವ ಜಾಗದಲ್ಲಿ ಪುಟ್ಟ ಜಾಲರಿ ಇದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು ಹಳೇ ಬ್ರಷ್‌ನಿಂದ ಉಜ್ಜಿ. ಬೋರ್ ನೀರಿನ ಬಿಳಿ ಕಟ್ಟಿದ್ದರೆ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ. ಜಾಲರಿ ಬಿಸಾಡಿ ಓಡಿಸಬೇಡಿ, ಮರಳು ಹೋಗಿ ವಾಲ್ವ್ ಕೆಡುತ್ತೆ. ಟ್ಯಾಂಕು ಮಿಷನ್ನಿಗಿಂತ ಮೂರು ಮೀಟರ್ ಕೂಡ ಮೇಲಿಲ್ಲದಿದ್ದರೆ ಒತ್ತಡವೇ ಸಾಲದು.