ಬೀಗ ಹಾಕಿದ ಕ್ಯಾರವಾನಿನ ಚಳಿಗಾಲ

ಪ್ರಶ್ನೆ: ಮ್ಯಾಂಚೆಸ್ಟರಿನಲ್ಲಿ ನೆಲೆಸಿರುವ ನಾವು ಕಳೆದ ಬೇಸಿಗೆಯಲ್ಲಿ ಉತ್ತರ ವೇಲ್ಸ್‌ನ ಕಡಲತೀರದ ಕ್ಯಾರವಾನ್ ಪಾರ್ಕೊಂದರಲ್ಲಿ ಹನ್ನೆರಡು ವರ್ಷ ಹಳೆಯದಾದ ಸ್ಟ್ಯಾಟಿಕ್ ಕ್ಯಾರವಾನ್ ಒಂದನ್ನು ಕೊಂಡೆವು. ನವೆಂಬರಿನಿಂದ ಮಾರ್ಚಿಯವರೆಗೆ ಪಾರ್ಕ್ ಮುಚ್ಚಿರುತ್ತದೆ. ಹೊರಡುವ ಮೊದಲು ‘ಡ್ರೈನ್ ಡೌನ್’ ಮಾಡಿಸಲೇಬೇಕೆಂದು ನೆರೆಯವರು ಹೇಳುತ್ತಿದ್ದಾರೆ. ನೀರಿನ ಮುಖ್ಯ ವಾಲ್ವ್ ಮುಚ್ಚಿ ಬಂದರೆ ಸಾಲದೇ? ಮಲಗುವ ಕೋಣೆಯ ಮೂಲೆಯಲ್ಲಿ ಈಗಾಗಲೇ ಕಪ್ಪು ಚುಕ್ಕೆಗಳು ಕಾಣಿಸಿಕೊಂಡಿವೆ, ಅದಕ್ಕೆ ಏನು ಮಾಡಬೇಕು?

ಉತ್ತರ: ಸಾಲದು. ವಾಲ್ವ್ ಮುಚ್ಚಿದರೆ ಹೊಸ ನೀರು ಬರುವುದು ನಿಲ್ಲುತ್ತದೆಯೇ ಹೊರತು ಕೊಳವೆಗಳಲ್ಲಿ ಉಳಿದ ನೀರು ಎಲ್ಲಿಯೂ ಹೋಗುವುದಿಲ್ಲ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹೆಚ್ಚುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಕೊಳವೆಯ ಜೋಡಣೆಯನ್ನೋ ಬಾಯ್ಲರಿನ ಒಳಭಾಗವನ್ನೋ ಸೀಳುತ್ತದೆ. ಆ ಬಿರುಕು ಜನವರಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾರ್ಚಿಯಲ್ಲಿ ನೀವು ಉತ್ಸಾಹದಿಂದ ವಾಲ್ವ್ ತಿರುಗಿಸಿದಾಗ ನೆಲಹಾಸಿನ ಕೆಳಗೆ ನೀರು ಹರಿಯತೊಡಗುತ್ತದೆ.

ಬ್ರಿಟನ್ನಿನ ಈ ವ್ಯವಸ್ಥೆಯ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು. ಸ್ಟ್ಯಾಟಿಕ್ ಕ್ಯಾರವಾನ್ ಎಂದರೆ ಕಾರಿಗೆ ಕಟ್ಟಿ ಎಳೆದೊಯ್ಯುವ ಬಂಡಿಯಲ್ಲ. ಉಕ್ಕಿನ ಚಾಸಿಯ ಮೇಲೆ ಕಟ್ಟಿದ, ಲಾರಿಯಲ್ಲಿ ತಂದು ಕಾಂಕ್ರೀಟ್ ಹಾಸಿನ ಮೇಲೆ ನಿಲ್ಲಿಸುವ ರಜಾದಿನದ ಮನೆ. ಕ್ಯಾರವಾನ್ ತಾಣಗಳ ಕುರಿತ ಅಲ್ಲಿಯ 1960ರ ಕಾಯ್ದೆಯು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದಾದ ವಾಸದ ರಚನೆ ಎಂಬ ಕಾರಣಕ್ಕೆ ಇದನ್ನೂ ಕ್ಯಾರವಾನ್ ಎಂದೇ ಪರಿಗಣಿಸುತ್ತದೆ. ಮರದ ಚೌಕಟ್ಟಿಗೆ ಹೊರಗಿನಿಂದ ತೆಳು ಅಲ್ಯೂಮಿನಿಯಂ ಹಾಳೆ, ಒಳಗಿನಿಂದ ಪ್ಲೈವುಡ್ ಹೊಡೆದಿರುವ ಈ ಗೋಡೆಗಳಿಗೆ ಇಟ್ಟಿಗೆ ಮನೆಯ ತಾಳಿಕೆ ಇರುವುದಿಲ್ಲ, ಚಾಸಿಯ ಅಡಿಯಲ್ಲಿ ಹಾದುಹೋಗುವ ಕೊಳವೆಗಳಂತೂ ಚಳಿಗಾಳಿಗೆ ನೇರವಾಗಿ ಒಡ್ಡಿಕೊಂಡಿರುತ್ತವೆ.

ಡ್ರೈನ್ ಡೌನ್ ಎಂದರೆ ಇಡೀ ಕೊಳವೆಜಾಲವನ್ನು ಬರಿದು ಮಾಡುವುದು. ಮೊದಲು ಬಾಯ್ಲರ್ ಆರಿಸಿ ನೀರು ತಣಿಯಲು ಬಿಡಬೇಕು. ನಂತರ ವಾಲ್ವ್ ಮುಚ್ಚಿ, ಬಿಸಿನೀರು ತಣ್ಣೀರಿನ ಎಲ್ಲ ನಲ್ಲಿಗಳನ್ನೂ ತೆರೆದು, ಚಾಸಿಯಡಿಯಲ್ಲಿರುವ ಮತ್ತು ಬಾಯ್ಲರಿನ ಬುಡದಲ್ಲಿರುವ, ನೀರು ಹೊರಬಿಡುವ ಡ್ರೈನ್ ಕಾಕ್‌ಗಳನ್ನು ತಿರುಗಿಸಬೇಕು. ತಾನಾಗಿ ಹರಿಯುವುದು ನಿಂತ ಮೇಲೂ ಕೊಳವೆಯ ಬಾಗುಗಳಲ್ಲಿ ನೀರು ಉಳಿದಿರುವುದರಿಂದ, ಅನುಭವಿಗಳು ಕಂಪ್ರೆಸರಿನ ಗಾಳಿ ಹಾಯಿಸಿ ಅದನ್ನೂ ಹೊರಗೆ ತಳ್ಳುತ್ತಾರೆ. ಕಮೋಡಿನ ಫ್ಲಶ್ ಟ್ಯಾಂಕನ್ನು ಬರಿದು ಮಾಡಿ, ಸಿಂಕು, ಬೇಸಿನ್ನು, ಸ್ನಾನದ ತಟ್ಟೆಗಳ ಕೆಳಗಿನ ಬಾಗುಕೊಳವೆಗಳಿಗೂ ಕಮೋಡಿಗೂ ಕ್ಯಾರವಾನಿಗೆಂದೇ ಸಿಗುವ, ನೀರು ಹೆಪ್ಪುಗಟ್ಟದಂತೆ ತಡೆಯುವ ವಿಷರಹಿತ ಆಂಟಿಫ್ರೀಜ್ ದ್ರವ ಸುರಿಯಬೇಕು. ಕಾರಿನ ರೇಡಿಯೇಟರಿಗೆ ಹಾಕುವುದು ಬೇಡ. ಕಡೆಗೆ ನಲ್ಲಿಗಳನ್ನು ತೆರೆದಂತೆಯೇ ಬಿಟ್ಟು ಬನ್ನಿ. ನಾನು ಮೊದಲ ವರ್ಷ ಇವೆಲ್ಲವನ್ನೂ ಮಾಡಿ, ಶವರಿನ ಕೈಹಿಡಿಯನ್ನು ಮಾತ್ರ ಗೋಡೆಯ ಕೊಂಡಿಯಲ್ಲಿಯೇ ಬಿಟ್ಟು ಬಂದಿದ್ದೆ. ಅದರ ಪೈಪಿನಲ್ಲಿ ನಿಂತ ನೀರು, ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯಾದ ಮಿಕ್ಸರಿನತ್ತ ಇಳಿದು ಹೆಪ್ಪುಗಟ್ಟಿ, ಮಿಕ್ಸರ್ ಕೂದಲೆಳೆಯಷ್ಟು ಬಿರಿದಿತ್ತು. ಅಂದಿನಿಂದ ಕೈಹಿಡಿಯನ್ನು ಬಿಚ್ಚಿ, ಪೈಪನ್ನು ಕೆಳಕ್ಕೆ ಇಳಿಬಿಟ್ಟೇ ಬರುತ್ತೇನೆ.

ಗ್ಯಾಸಿನ ಬಾಯ್ಲರ್ ಮತ್ತು ಕೋಣೆ ಬೆಚ್ಚಗಿಡುವ ರೇಡಿಯೇಟರುಗಳಿರುವ ಕ್ಯಾರವಾನಿನಲ್ಲಿ ಈ ಕೆಲಸವನ್ನು ಮೊದಲ ಸಲ ತಿಳಿದವರಿಂದಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿಕೊಳ್ಳುವುದು ಒಳ್ಳೆಯದು. ರಸೀದಿಯನ್ನು ಜೋಪಾನವಾಗಿಡಿ. ನೀರು ಬರಿದು ಮಾಡದೆ ಬಿಟ್ಟಿದ್ದರೆ ಹಿಮದಿಂದಾದ ಹಾನಿಗೆ ಪರಿಹಾರವಿಲ್ಲ ಎಂಬ ಷರತ್ತು ಹಲವು ವಿಮಾ ಪಾಲಿಸಿಗಳಲ್ಲಿ ಇರುವುದರಿಂದ ನಿಮ್ಮ ಪಾಲಿಸಿಯನ್ನೂ ಒಮ್ಮೆ ಓದಿ.

ಇನ್ನು ಕಪ್ಪು ಚುಕ್ಕೆಗಳ ವಿಚಾರ. ಅದು ಬೂಷ್ಟು. ಆದರೆ ಅದಕ್ಕೆ ಬೇಕಾದ ತೇವ ಹೊರಗಿನಿಂದ ಸೋರಿದ್ದೋ ಒಳಗೇ ಹುಟ್ಟಿದ್ದೋ ಎಂಬುದನ್ನು ತಿಳಿಯದೆ ಒರೆಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಅಗ್ಗದ ತೇವಮಾಪಕವೊಂದನ್ನು ತಂದು ಆ ಮೂಲೆಯನ್ನೂ ಅದೇ ಗೋಡೆಯ ಒಣಗಿದ ಭಾಗವನ್ನೂ ಅಳೆದು ನೋಡಿ. ಶೇ 15ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 20 ದಾಟಿ, ಅದೂ ಕಿಟಕಿಯ ಕೆಳಮೂಲೆಯಲ್ಲೋ ಚಾವಣಿಯ ಅಂಚಿನಲ್ಲೋ ಇದ್ದರೆ, ಹೊರಗಿನ ಸಂದುಗಳನ್ನು ಮುಚ್ಚಿರುವ ಸೀಲೆಂಟ್ ಅಂಟು ಒಣಗಿ ಬಿರಿದಿರುವ ಸಂಭವ ಹೆಚ್ಚು. ಹೆಬ್ಬೆರಳಿನಿಂದ ಒತ್ತಿದಾಗ ಪ್ಲೈವುಡ್ ಮೆತ್ತಗಾಗಿದ್ದರೆ ಒಳಗಿನ ಮರವೂ ಕೊಳೆಯತೊಡಗಿದೆ ಎಂದೇ ತಿಳಿಯಬೇಕು. ಹಳೆಯ ಸೀಲೆಂಟಿನ ಮೇಲೆಯೇ ಹೊಸದನ್ನು ಬಳಿಯುವವರಿದ್ದಾರೆ, ಅದು ಹಿಡಿಯುವುದಿಲ್ಲ. ಪೂರ್ತಿ ಕೆರೆದು ತೆಗೆದು, ಒಣ ದಿನವೊಂದರಲ್ಲಿ ಹೊಸದಾಗಿ ಹಾಕಬೇಕು.

ಒಳಗೇ ಹುಟ್ಟಿದ ತೇವವಾದರೆ ನಮ್ಮ ಅಡುಗೆಯ ಪಾಲೂ ಅದರಲ್ಲಿದೆ. ಇಡ್ಲಿ ಪಾತ್ರೆಯ ಹಬೆ ಅಷ್ಟು ಚಿಕ್ಕ ಜಾಗದಲ್ಲಿ ತಣ್ಣನೆಯ ಗೋಡೆ ಸಿಕ್ಕಲ್ಲೆಲ್ಲ ನೀರಾಗಿ ಕೂರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೆ ಏನಾಗುತ್ತದೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡುಗೆ ಮಾಡುವಾಗ ಕಿಟಕಿ ತೆರೆಯಿರಿ. ಹೊರಡುವ ದಿನ ಹಾಸಿಗೆ ಮತ್ತು ಸೋಫಾದ ದಿಂಬುಗಳನ್ನು ಗೋಡೆಯಿಂದ ದೂರ ಸರಿಸಿ ಅಂಚಿನ ಮೇಲೆ ನಿಲ್ಲಿಸಿ, ಬೀರು ಮತ್ತು ಫ್ರಿಜ್ಜಿನ ಬಾಗಿಲುಗಳನ್ನು ತೆರೆದೇ ಇಡಿ. ತೇವ ಹೀರುವ ಹರಳಿನ ಡಬ್ಬಿಗಳು ಮೂಲೆಗಳಿಗೆ ಉಪಯುಕ್ತವಾದರೂ, ಐದು ತಿಂಗಳು ಯಾರೂ ಬರಿದು ಮಾಡದಿದ್ದರೆ ಅವೇ ತುಂಬಿ ಚೆಲ್ಲುತ್ತವೆ. ಪಾರ್ಕಿನವರು ಬಿಟ್ಟರೆ ನಡುವೆ ಒಮ್ಮೆ ಹೋಗಿ ಬರುವುದು ಮೇಲು.

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿರುವ ನಮ್ಮ ಹಳೆಯ ಕ್ಯಾರವಾನಿನಲ್ಲಿ ಮಾರ್ಚಿಯ ಒಂದು ಬೆಳಗ್ಗೆ ಸಿಲಿಂಡರ್ ಭಾರವಾಗಿದ್ದರೂ ಒಲೆ ಹೊತ್ತಲಿಲ್ಲ, ಮಧ್ಯಾಹ್ನ ತಾನಾಗಿ ಸರಿಹೋಯಿತು. ಸಿಲಿಂಡರ್ ನೀಲಿ ಬಣ್ಣದ್ದು. ಹಾಗೆಯೇ, ನೆಲದ ಜಾಲರಿಯಿಂದ ಕೊರೆಯುವ ಗಾಳಿ ಬರುತ್ತದೆಂದು ಅದರ ಮೇಲೆ ರಗ್ಗು ಹಾಸಿದ್ದೇವೆ. ಇದು ಸರಿಯೇ?

ಉತ್ತರ: ರಗ್ಗನ್ನು ಇಂದೇ ತೆಗೆಯಿರಿ, ಸಿಲಿಂಡರಿನ ವಿಚಾರ ಆಮೇಲೆ. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದು. ಸೋರಿದರೆ ಮೇಲೇರದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಅದು ಕೆಳಕ್ಕೆ ಇಳಿದುಹೋಗಲೆಂದೂ, ಉರಿಯುವ ಒಲೆಗೆ ಗಾಳಿ ಸಿಗಲೆಂದೂ ಆ ಜಾಲರಿಗಳನ್ನು ಇಟ್ಟಿರುತ್ತಾರೆ. ಗಾಳಿ ಸಾಲದೆ ಒಲೆ ಉರಿದರೆ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಪತ್ತೆಹಚ್ಚುವ ಅಲಾರಂ ಇಲ್ಲದಿದ್ದರೆ ಒಂದನ್ನು ಕೂಡಲೇ ಹಾಕಿಸಿ, ಇದ್ದರೆ ಅದರ ಗುಂಡಿ ಒತ್ತಿ ಪರೀಕ್ಷಿಸಿ.

ಬ್ರಿಟನ್ನಿನಲ್ಲಿ ನೀಲಿ ಸಿಲಿಂಡರ್ ಎಂದರೆ ಸಾಮಾನ್ಯವಾಗಿ ಬ್ಯುಟೇನ್, ಕೆಂಪು ಎಂದರೆ ಪ್ರೊಪೇನ್. ಬ್ಯುಟೇನ್ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲಿ ಅನಿಲವಾಗುವುದನ್ನೇ ನಿಲ್ಲಿಸಿ ಸಿಲಿಂಡರಿನ ತಳದಲ್ಲಿ ದ್ರವವಾಗಿ ಕುಳಿತುಬಿಡುತ್ತದೆ. ಪ್ರೊಪೇನಿಗೆ ಈ ತೊಂದರೆ ಮೈನಸ್ 42 ಡಿಗ್ರಿಯವರೆಗೂ ಇಲ್ಲ. ಊರಿನಲ್ಲಿ ನಮ್ಮ ಮನೆಗಳಿಗೆ ಬರುವ 14.2 ಕಿಲೋ ಸಿಲಿಂಡರಿನಲ್ಲಿ ಇವೆರಡರ ಮಿಶ್ರಣವಿರುತ್ತದೆ, ಅಲ್ಲಿಯ ಹವೆಗೆ ಅದು ಸಾಕು. ನೀವು ಪ್ರೊಪೇನಿಗೆ ಬದಲಾಗುವುದೇ ಸರಿ. ಆದರೆ ಎರಡಕ್ಕೂ ರೆಗ್ಯುಲೇಟರ್ ಬೇರೆ ಬೇರೆ. ಆ ಕೆಲಸವನ್ನು ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ತಂತ್ರಜ್ಞರ ಅಧಿಕೃತ ಪಟ್ಟಿ) ನೋಂದಣಿಯಿರುವ, ಅದರಲ್ಲಿಯೂ ಎಲ್‌ಪಿಜಿಗೆ ಅರ್ಹತೆಯಿರುವ ತಂತ್ರಜ್ಞರಿಂದಲೇ ಮಾಡಿಸಿ, ಗುರುತಿನ ಚೀಟಿಯ ಹಿಂಬದಿಯಲ್ಲಿ ಆ ಅರ್ಹತೆ ನಮೂದಾಗಿರುತ್ತದೆ. ಹಳೆಯ ರಬ್ಬರ್ ಪೈಪನ್ನೂ ಅದೇ ದಿನ ಬದಲಿಸಿಬಿಡಿ.

ಪ್ರಶ್ನೆ: ಚಳಿಗಾಲ ಕಳೆದು ಬಂದು ನೋಡಿದರೆ ಮುಂಬಾಗಿಲು ಚೌಕಟ್ಟಿಗೆ ಉಜ್ಜುತ್ತಿದೆ. ಬಡಗಿಯನ್ನು ಕರೆಸಬೇಕೇ?

ಉತ್ತರ: ಮೊದಲು ಬಾಗಿಲನ್ನಲ್ಲ, ಬಂಡಿಯ ಅಡಿಯನ್ನು ನೋಡಿ. ಚಾಸಿಯ ಭಾರ ಹೊರುವ ಉಕ್ಕಿನ ಸ್ಟ್ಯಾಂಡುಗಳಲ್ಲಿ ಒಂದು ಹಸಿಯಾದ ನೆಲದಲ್ಲಿ ಸ್ವಲ್ಪ ಕುಸಿದರೂ ಇಡೀ ಚೌಕಟ್ಟು ಓರೆಯಾಗುತ್ತದೆ. ಒಳಗಿನ ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಿದರೆ ಯಾವ ಬದಿ ಇಳಿದಿದೆಯೆಂದು ತಿಳಿಯುತ್ತದೆ. ಜಾಕ್ ಕೊಟ್ಟು ಎತ್ತುವ ಕೆಲಸವನ್ನು ಪಾರ್ಕಿನ ಕೆಲಸಗಾರರಿಗೇ ಬಿಡಿ, ನೀವು ಬಂಡಿಯ ಕೆಳಗೆ ನುಸುಳಬೇಡಿ. ಅವರು ಬಂದಾಗ ಬಿರುಗಾಳಿಗೆಂದು ಕಟ್ಟಿರುವ ಸರಪಳಿಗಳನ್ನೂ ಪರೀಕ್ಷಿಸಲು ಹೇಳಿ, ಕಡಲ ಉಪ್ಪಿಗೆ ಅವು ಬೇಗ ತುಕ್ಕು ಹಿಡಿಯುತ್ತವೆ. ಬಾಗಿಲಿನ ಅಂಚನ್ನು ಮಾತ್ರ ಈಗಲೇ ಹೆರೆಸಬೇಡಿ. ಬಂಡಿ ಮಟ್ಟಕ್ಕೆ ಬಂದ ದಿನ ಆ ಸಂದಿನಿಂದ ಮಳೆಯೂ ಗಾಳಿಯೂ ಒಳಗೆ ನುಗ್ಗುತ್ತವೆ.