ಹೊರಗಡೆ ಅಲಾರಂ ಹಾಕಿಸಿದರೆ ಹೊಸ ಕಾರಿನ ವಾರಂಟಿ ಹೋಗುತ್ತದಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಮಂಗಳೂರಿನಲ್ಲಿ ಹೊಸ ಕಾರು ತೆಗೆದಿದ್ದೀರಿ. ಬೇಸ್ ಮಾಡೆಲ್, ಅಲಾರಂ ಇಲ್ಲ. ಕಾಸರಗೋಡಿನ ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸುತ್ತೇನೆ ಅಂದರೆ ಶೋರೂಮಿನವರು "ಹೊರಗೆ ಕೈ ಹಾಕಿಸಿದರೆ ವಾರಂಟಿ ಪೂರ್ತಿ ಹೋಯಿತು" ಎಂದು ಹೆದರಿಸಿದ್ದಾರೆ. ಮಳೆಗಾಲ ಮುಗಿದ ಮೇಲೆ ನೀವು ಗಲ್ಫಿಗೆ ಹೋಗುವವರು, ಕಾರು ಮನೆಯಂಗಳದಲ್ಲಿ ನಿಲ್ಲಬೇಕು.

ಪೂರ್ತಿ ಹೋಗುವುದಿಲ್ಲ. ಆದರೆ ಅಲಾರಂನ ವೈರು ಎಲ್ಲೆಲ್ಲಿ ಸೇರಿದೆಯೋ ಅಲ್ಲೆಲ್ಲ ಜಗಳಕ್ಕೆ ದಾರಿಯಾಗುತ್ತದೆ. ನಾನು ಕುಂಬಳೆ ಕಡೆ ವಾಹನಗಳ ವೈರಿಂಗ್ ಕೆಲಸ ಮಾಡುವವನು. ಇಂಥ ಜಗಳಗಳು ಕೊನೆಗೆ ನನ್ನ ಹತ್ತಿರವೇ ಬರುತ್ತವೆ.

ಮೊದಲು ನಿಮ್ಮ ಕಾರಿನ ವಾರಂಟಿ ಪುಸ್ತಕ ತೆರೆದು ನೋಡಿ. ಹೆಚ್ಚಿನ ಕಂಪನಿಯವರು ಬರೆಯುವುದು ಒಂದೇ ಥರ: ಕಂಪನಿ ಒಪ್ಪದ ಆಕ್ಸೆಸರಿ ಹಾಕಿದ್ದರಿಂದ ಅಥವಾ ವೈರಿಂಗ್ ಬದಲಾಯಿಸಿದ್ದರಿಂದ ಏನಾದರೂ ಕೆಟ್ಟರೆ ಅದು ನಮ್ಮ ಜವಾಬ್ದಾರಿಯಲ್ಲ. ಅಂದರೆ ಕೆಟ್ಟ ಭಾಗಕ್ಕೂ ಅಲಾರಂಗೂ ಸಂಬಂಧ ಇರಬೇಕು. ಕೆಲವು ಪುಸ್ತಕದಲ್ಲಿ ಇನ್ನೂ ಗಟ್ಟಿಯಾಗಿ ಬರೆದಿರುತ್ತಾರೆ. ಹಾಗಾಗಿ ಪಕ್ಕದ ಮನೆಯವರ ಕಾರಿನ ಮಾತು ನಂಬಬೇಡಿ.

ಬದಿಯಡ್ಕ ಕಡೆಯ ಒಬ್ಬರ ಕಾರು ನನ್ನಲ್ಲಿಗೆ ಬಂದಿತ್ತು. ಅಲಾರಂ ಹಾಕಿಸಿದ ಮೇಲೆ ಎಡಗಡೆಯ ಇಂಡಿಕೇಟರ್ ಸತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ಬಿಸಿಎಂ (ಲೈಟು, ಲಾಕು ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಹೋಗಿದೆ, ಹೊರಗಿನ ವೈರಿಂಗ್ ಇದೆ, ವಾರಂಟಿ ಸಿಗುವುದಿಲ್ಲ ಎಂದಿದ್ದರು. ಸ್ಟಿಯರಿಂಗ್ ಕೆಳಗಿನ ಪ್ಯಾನೆಲ್ ಬಿಚ್ಚಿದರೆ ಕಪ್ಪು ಟೇಪು ಬಿಸಿಲಿಗೆ ಕರಗಿ ಕೈಗೆ ಅಂಟುತ್ತಿತ್ತು. ಅದರ ಅಡಿಯಲ್ಲಿ ಒಂದು ನೀಲಿ ಕ್ಲಿಪ್ಪು. ಈ ಕ್ಲಿಪ್ಪನ್ನು ವೈರಿನ ಮೇಲಿಟ್ಟು ಕಟ್ಟಿಂಗ್ ಪ್ಲೇಯರಿನಲ್ಲಿ ಒತ್ತಿದರೆ ಒಳಗಿನ ತಗಡು ಇನ್ಸುಲೇಶನ್ ಸೀಳಿ ತಾಮ್ರಕ್ಕೆ ಕಚ್ಚುತ್ತದೆ. ಅರ್ಧ ಎಳೆಗಳು ತುಂಡಾಗಿದ್ದವು, ಉಳಿದದ್ದಕ್ಕೆ ಹಸಿರು ಕಿಲುಬು ಹಿಡಿದಿತ್ತು. ನಮ್ಮ ಕರಾವಳಿಯ ಹವೆಗೆ ಇಂಥ ಜಾಯಿಂಟು ಜಾಸ್ತಿ ಕಾಲ ಬಾಳುವುದಿಲ್ಲ. ಅಲ್ಲಿ ಸರ್ವಿಸ್ ಸೆಂಟರಿನವರ ಮಾತು ಸರಿಯೇ ಇತ್ತು. ಆದರೆ ಅದೇ ಕಾರಿನ ಸ್ಟಿಯರಿಂಗ್ ರ‍್ಯಾಕಿನಲ್ಲಿ ಟಕ್ ಟಕ್ ಶಬ್ದ ಬಂದಾಗ ಅದನ್ನು ವಾರಂಟಿಯಲ್ಲೇ ಬದಲಾಯಿಸಿ ಕೊಟ್ಟರು. ಅದಕ್ಕೂ ಅಲಾರಂಗೂ ಏನು ಸಂಬಂಧ!

ಹಳೇ ಕಾರುಗಳಲ್ಲಿ ಈ ತಲೆನೋವು ಇರಲಿಲ್ಲ. ಸ್ವಿಚ್ಚಿನಿಂದ ಬಲ್ಬಿಗೆ ನೇರ ವೈರು, ಎಲ್ಲಿ ಕೊಕ್ಕೆ ಹಾಕಿದರೂ ನಡೆಯುತ್ತಿತ್ತು. ಈಗ ಇಂಡಿಕೇಟರ್, ಡೋರ್ ಲಾಕ್, ಒಳಗಿನ ಲೈಟು ಎಲ್ಲವನ್ನೂ ನಡೆಸುವುದು ಆ ಬಿಸಿಎಂ ಪೆಟ್ಟಿಗೆಯೇ. ಅಲಾರಂ ತನ್ನ ಕರೆಂಟನ್ನು ಇಂಡಿಕೇಟರ್ ವೈರಿಗೆ ಕೊಟ್ಟರೆ ಅದು ತಿರುಗಿ ಬಿಸಿಎಂ ಒಳಗೆ ನುಗ್ಗುತ್ತದೆ. ಇನ್ನು ಒಂದಕ್ಕೊಂದು ಹೆಣೆದ ಎರಡು ತೆಳು ವೈರುಗಳಿರುತ್ತವೆ, ಅವು ಕ್ಯಾನ್ ಲೈನ್. ಕಾರಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವುದು ಅವುಗಳ ಮೂಲಕ. ಬಲ್ಬ್ ಟೆಸ್ಟರ್ ಹಿಡಿದು ಅದನ್ನು ಚುಚ್ಚಲು ಹೊರಟವನಿಗೆ ಕಾರು ಕೊಡಬೇಡಿ. ಹಳದಿ ಬಣ್ಣದ ಕವಚ, ಹಳದಿ ಕಪ್ಲರ್ (ವೈರು ಜೋಡಿಸುವ ಪ್ಲಗ್ಗು) ಕಂಡರೆ ಅದು ಏರ್‌ಬ್ಯಾಗಿನದ್ದು, ಅಲ್ಲಿ ಯಾರೂ ಕೈ ಹಾಕಬಾರದು.

ನಿಮ್ಮ ವಿಷಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಚಿಂತೆ ಬ್ಯಾಟರಿಯದ್ದು. ಲಾಕ್ ಮಾಡಿಟ್ಟ ಕಾರು ಸಹ ಸ್ವಲ್ಪ ಕರೆಂಟು ಎಳೆಯುತ್ತದೆ, 50 ಮಿಲಿ ಆಂಪಿಯರಿನ ಒಳಗಿದ್ದರೆ ಸಾಮಾನ್ಯ. ಅಲಾರಂ 20 ಸೇರಿಸಿತು ಅಂತ ಇಟ್ಟುಕೊಳ್ಳಿ. ಅದೊಂದೇ ತಿಂಗಳಿಗೆ 14 ಆಂಪಿಯರ್ ಅವರ್ ದಾಟುತ್ತದೆ. ನಿಮ್ಮದು 35ರ ಬ್ಯಾಟರಿ ಆದರೆ, ಕಾರಿನದ್ದೂ ಸೇರಿ ತಿಂಗಳೊಳಗೆ ಸ್ಟಾರ್ಟ್ ಆಗದ ಸ್ಥಿತಿ. ತಪ್ಪಾಗಿ ಹಾಕಿದ ಅಲಾರಂ ಬಿಸಿಎಂಗೆ ನಿದ್ದೆ ಮಾಡಲೇ ಬಿಡುವುದಿಲ್ಲ, ಆಗ ವಾರವೂ ಬೇಡ. ಬ್ಯಾಟರಿಗೆ ಸಾಮಾನ್ಯವಾಗಿ ವಾರಂಟಿ ಕೊಡುವುದು ಬ್ಯಾಟರಿ ಕಂಪನಿ, ಕಾರಿನ ಕಂಪನಿ ಅಲ್ಲ. ಪೂರ್ತಿ ಡಿಸ್ಚಾರ್ಜ್ ಆಗಿ ಕೆಟ್ಟರೆ ಅವರೂ ಒಪ್ಪುವುದು ಕಷ್ಟ. ಊರಿಗೆ ಬಂದವರು ಏರ್‌ಪೋರ್ಟಿನಿಂದಲೇ ನನಗೆ ಫೋನ್ ಮಾಡುವುದು ಸುಮ್ನೆ ಅಲ್ಲ ಮಾರಾಯ್ರೇ. ಹೋಗುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿಡಿ. ಹಾಗೆ ಮಾಡಿದರೆ ಅಲಾರಂ ಕೂಡ ಮಲಗುತ್ತದೆ, ಹಾಕಿಸಿದ್ದೇ ದಂಡ! ಅಂಗಳದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಗೇಟಿನ ಬೀಗ, ಸ್ಟಿಯರಿಂಗ್ ಲಾಕ್ ಸಾಕು ಎಂದು ನನ್ನ ಅಭಿಪ್ರಾಯ. ಈಗಿನ ಹೆಚ್ಚಿನ ಕಾರುಗಳ ಕೀಲಿಯಲ್ಲೇ ಇಮೊಬಿಲೈಸರ್ ಚಿಪ್ ಇರುತ್ತದೆ, ಬೇರೆ ಕೀಲಿಗೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಆದರೂ ಬೇಕೇ ಬೇಕು ಅಂದರೆ ಮೊದಲು ಶೋರೂಮಿನಲ್ಲೇ ಕಂಪನಿಯ ಅಲಾರಂ ಕಿಟ್ ಉಂಟಾ ಕೇಳಿ. ಸ್ವಲ್ಪ ದುಬಾರಿ, ಆದರೆ ಬಿಲ್ಲು ಅವರ ಹೆಸರಲ್ಲೇ ಇರುತ್ತದೆ, ಮತ್ತೆ ವಾದಕ್ಕೆ ಜಾಗ ಇಲ್ಲ. ಹೊರಗೆ ಹಾಕಿಸುವುದಾದರೆ ನಿಮ್ಮ ಮಾಡೆಲಿಗೇ ಬರುವ ಕಪ್ಲರ್ ಟು ಕಪ್ಲರ್ ಕಿಟ್ ಮಾತ್ರ, ಅಂದರೆ ಕಾರಿನ ಕಪ್ಲರಿಗೇ ನೇರ ಸಿಕ್ಕಿಸುವಂಥದ್ದು. ಒಂದು ವೈರೂ ಕಟ್ ಆಗಬಾರದು, ಪವರ್ ಲೈನಿಗೆ ಬೇರೆ ಫ್ಯೂಸ್ ಬೇಕು. ಅಲಾರಂ ಹೊಡೆದಾಗ ಎಂಜಿನ್ ನಿಲ್ಲಿಸುವ ಎಂಜಿನ್ ಕಟ್ ರಿಲೇ ಬೇಡವೇ ಬೇಡ. ಅದನ್ನು ಇಗ್ನಿಷನ್ ಅಥವಾ ಫ್ಯುಯಲ್ ಪಂಪಿನ ಲೈನಿಗೆ ಸೇರಿಸಿದ್ದರೆ, ಹತ್ತಿಪ್ಪತ್ತು ರೂಪಾಯಿಯ ಒಂದು ಜಾಯಿಂಟು ಸಡಿಲವಾಗಿ ಎನ್‌ಎಚ್ 66ರ ನಡುವೆ ಎಂಜಿನ್ ಬಂದ್ ಆಗಬಹುದು. ಬಿಲ್ಲಿನಲ್ಲಿ ಕಾರಿನ ನಂಬರು, ಕಿಟ್ಟಿನ ಮಾಡೆಲ್ ಬರೆಸಿ. ಪ್ಯಾನೆಲ್ ಮುಚ್ಚುವ ಮೊದಲು ವೈರಿಂಗಿನ ಫೋಟೋ ತೆಗೆಯಿರಿ.

ವಾಹನ ಪರೀಕ್ಷೆ ಮಾಡುವ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ತಡೆ ಸಾಧನಕ್ಕೆ ಇನ್ಶೂರೆನ್ಸಿನಲ್ಲಿ ರಿಯಾಯಿತಿ ಇದೆಯಲ್ಲ ಎಂದು ಅಂಗಡಿಯವರು ಹೇಳಿಯಾರು. ಹಳೇ ಟ್ಯಾರಿಫ್ ಪ್ರಕಾರ ಅದು ಓನ್ ಡ್ಯಾಮೇಜ್ (ನಮ್ಮದೇ ಕಾರಿನ ನಷ್ಟದ) ಪ್ರೀಮಿಯಂನ ಶೇ. 2.5, ಅದೂ 500 ರೂಪಾಯಿ ಮೀರದಂತೆ. ಅದರ ಆಸೆಗೆ ಬೀಳಬೇಡಿ.

ಸಂಬಂಧವೇ ಇಲ್ಲದ ಭಾಗಕ್ಕೆ ವಾರಂಟಿ ಇಲ್ಲ ಎಂದರೆ ಬಾಯಿಮಾತಿಗೆ ಒಪ್ಪಬೇಡಿ. ಅಲಾರಂನಿಂದ ಈ ಭಾಗ ಹೇಗೆ ಕೆಟ್ಟಿತು ಎಂದು ಜಾಬ್ ಕಾರ್ಡಿನಲ್ಲಿ ಬರೆದು ಕೊಡಲು ಹೇಳಿ. ಎಷ್ಟೋ ಸಲ ಪೆನ್ನು ಹಿಡಿಯುವ ಹೊತ್ತಿಗೆ ಮಾತು ಮೆತ್ತಗಾಗುತ್ತದೆ. ಇಂಟರ್‌ನೆಟ್ಟಿನಲ್ಲಿ ಓದಿದ ಅಮೆರಿಕದ 1975ರ ವಾರಂಟಿ ಕಾನೂನನ್ನು ಇಲ್ಲಿ ತೋರಿಸಿ ಪ್ರಯೋಜನ ಇಲ್ಲ. ನಮಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಾರು ತೆಗೆದದ್ದು ಮಂಗಳೂರಿನಲ್ಲಾದರೂ ನೀವು ಇರುವುದು ಇಲ್ಲಿ, ಹಾಗಾಗಿ ಕಾಸರಗೋಡಿನಲ್ಲೇ ಕೇಸು ಹಾಕಬಹುದು. ತೊಂದರೆ ಆದ 2 ವರ್ಷದ ಒಳಗೆ ಹಾಕಬೇಕು. 5ರಿಂದ 10 ಲಕ್ಷದ ಕಾರಾದರೆ ಫೀಸು 200 ರೂಪಾಯಿ. ಕೆಟ್ಟ ಭಾಗವನ್ನು ನೀವೇ ದುಡ್ಡು ಕೊಟ್ಟು ಬದಲಾಯಿಸಿದ್ದರೆ ಹಳೆಯದನ್ನು ಸರ್ವಿಸ್ ಸೆಂಟರಿನಲ್ಲಿ ಬಿಟ್ಟು ಬರಬೇಡಿ. ಆಯೋಗ ಅದನ್ನು ಪರೀಕ್ಷೆಗೆ ಕಳುಹಿಸಬೇಕು ಅಂದರೆ ಆ ಭಾಗವೇ ಬೇಕಾಗುತ್ತದೆ.