ಡೀಸೆಲ್ ವ್ಯಾನ್ ಏರು ರಸ್ತೆಯಲ್ಲಿ ಎಳೆಯುತ್ತಿಲ್ಲ, ಏರ್ ಫ್ಲೋ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಭಾಗ) ಕೆಟ್ಟಿದೆಯಾ? ತಿಳಿಯುವುದು ಹೇಗೆ?

ಸ್ಕ್ಯಾನರ್‌ನಲ್ಲಿ ಪಿ0101 ಅನ್ನುವ ದೋಷದ ಕೋಡ್ ಬಂತು ಅಂತ ಸೆನ್ಸರ್ ಕೊಳ್ಳಲು ಹೋಗಬೇಡಿ. ಗಾಳಿಯ ಲೆಕ್ಕ ಹೊಂದುತ್ತಿಲ್ಲ ಅಂತಷ್ಟೇ ಅದರ ಅರ್ಥ. ಮೊದಲು ಏರ್ ಫಿಲ್ಟರ್, ಟರ್ಬೊದ ಪೈಪುಗಳು, ಕ್ಲ್ಯಾಂಪುಗಳನ್ನು ನೋಡಿ. ಕಪ್ಪು ಹೊಗೆ ಜಾಸ್ತಿ ಇದ್ದರೆ ನನ್ನ ಅನುಮಾನ ಒಡೆದ ಪೈಪಿನ ಮೇಲೆ. ಸೆನ್ಸರ್ ಗಾಳಿ ಕಡಿಮೆ ತೋರಿಸಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಡೀಸೆಲ್ ಕಡಿಮೆ ಮಾಡುತ್ತದೆ. ಆಗ ಸಾಮಾನ್ಯವಾಗಿ ಹೊಗೆ ಇರಲ್ಲ, ಬರೀ ಶಕ್ತಿ ಇಳಿಯುತ್ತದೆ.

ನಂತರ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ನೋಡಿ. 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಅಂದರೆ ಒಂದು ಸಿಲಿಂಡರ್‌ಗೆ 550 ಸಿಸಿ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಪೂರ್ತಿ ತುಂಬಿದರೆ 660 ಮಿಲಿಗ್ರಾಂ, ಆದರೆ ಅಷ್ಟು ತುಂಬುವುದಿಲ್ಲ. ಹಾಗಾಗಿ ಐಡಲ್‌ನಲ್ಲಿ, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್) ಮುಚ್ಚಿದ್ದಾಗ, ಒಂದು ಸ್ಟ್ರೋಕ್‌ಗೆ, ಅಂದರೆ ಒಂದು ಸಿಲಿಂಡರ್ ಒಂದು ಸಲ ಗಾಳಿ ಎಳೆದಾಗ, 500ರಿಂದ 600 ಮಿಲಿಗ್ರಾಂ ಬರಬೇಕು. ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇದು ಒಂದೂವರೆ ಪಟ್ಟಾದರೂ ಆಗಬೇಕು, ಯಾಕೆಂದರೆ ಟರ್ಬೊ ಗಾಳಿ ತುಂಬುತ್ತಿರುತ್ತದೆ. ಐಡಲ್‌ನಲ್ಲೇ ಕಡಿಮೆ ಬಂದರೆ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಅದನ್ನೂ ಬಿಡಬೇಡಿ.

ಇಗ್ನಿಷನ್ ಆಫ್ ಮಾಡಿ ಸೆನ್ಸರ್ ಪ್ಲಗ್ ಕಿತ್ತು ಓಡಿಸಿ ನೋಡಬಹುದು. ಆಗ ಇಸಿಯು ಗಾಳಿಗೆ ಒಂದು ಅಂದಾಜಿನ ಲೆಕ್ಕ ಹಿಡಿಯುತ್ತದೆ. ಪಿಕಪ್ ಸುಧಾರಿಸಿದರೆ ಸೆನ್ಸರ್ ಮೇಲೆ ಅನುಮಾನ ಗಟ್ಟಿ. ಕೆಲವು ಗಾಡಿಗಳು ಆಗ ಲಿಂಪ್ ಮೋಡ್‌ಗೆ (ಎಂಜಿನ್ ಉಳಿಸಲು ಶಕ್ತಿ ಇಳಿಸುವ ಸ್ಥಿತಿ) ಹೋಗುತ್ತವೆ, ಅಂಥವುಗಳಲ್ಲಿ ಈ ಪರೀಕ್ಷೆ ಉಪಯೋಗವಿಲ್ಲ.

ಬದಲಿಸುವ ಮೊದಲು ಏರ್ ಫ್ಲೋ ಸೆನ್ಸರ್‌ಗೆಂದೇ ಬರುವ ಕ್ಲೀನಿಂಗ್ ಸ್ಪ್ರೇ ಹೊಡೆದು, ಪೂರ್ತಿ ಒಣಗಿಸಿ ಹಾಕಿ. ಬಟ್ಟೆ, ಬೆರಳು ತಾಗಿಸಲೇಬೇಡಿ.